ಇಬ್ಬರು ರಂಗಲಕ್ಷ್ಮಿಯರು, ಒಂದು ಸಾಲು

2011ರ ಮಾರ್ಚ್ 14, ಸೋಮವಾರ. ಆಧಾರ: ನಮ್ಮ ಕೇಂದ್ರದ ಸರ್ವರ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತಿದ್ದ ಕಾರ್ಯವಿವರದ ಮುದ್ರಿತ ಪ್ರತಿ. ತಾಳೆ ನೋಡಿದ್ದು ನನ್ನ ಸ್ವಂತ ಡೈರಿಯೊಡನೆ ಮತ್ತು ಆ ತಿಂಗಳ ಸಭೆಯ ನಡಾವಳಿಯೊಡನೆ. ಮೂರೂ ಒಂದೇ ದಿನವನ್ನು ಹೇಳುತ್ತವೆ. ಅಂದು ಬೆಳಿಗ್ಗೆ, ಹಾಸನದ ಸಾಲಗಾಮೆ ರಸ್ತೆಯ ಬಾಡಿಗೆ ಕಟ್ಟಡವೊಂದರಲ್ಲಿ ಒಂದೇ ಒಂದು ಆಜ್ಞೆಯನ್ನು ಒತ್ತಿ, ನಮ್ಮ ಡೇಟಾಬೇಸಿನಲ್ಲಿ ಎರಡೆರಡು ಸಲ ದಾಖಲಾಗಿದ್ದಾರೆಂದು ತೋರಿದ ರೋಗಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂಡಿಸಲಾಯಿತು. ಈ ಬರಹ ಆ ಕೂಡಿಕೆಯ ಕುರಿತದ್ದು. ಡೇಟಾಬೇಸ್ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರುವ ಪ್ರೋಗ್ರಾಮರುಗಳಿಗಾಗಿ ಬರೆಯುತ್ತಿದ್ದೇನೆ. ಓದಿ ಅವರು ಎಚ್ಚರಗೊಳ್ಳುವರೆಂಬ ನಂಬಿಕೆ ನನಗೆ ಉಳಿದಿಲ್ಲ. ಆದರೂ ನಡೆದದ್ದನ್ನು ನಡೆದ ಕ್ರಮದಲ್ಲಿ ಯಾರಾದರೊಬ್ಬರು ಬರೆದಿಡಬೇಕು.

ನಾನು ಪ್ರೋಗ್ರಾಮರ್ ಅಲ್ಲ. ಸಂಖ್ಯಾಶಾಸ್ತ್ರ ಓದಿ, ಟ್ರಸ್ಟೊಂದು ನಡೆಸುತ್ತಿದ್ದ ಆ ಸಂಶೋಧನಾ ಕೇಂದ್ರಕ್ಕೆ ಸೇರಿ, ಅದರ ದತ್ತಾಂಶ ವಿಭಾಗದ ಹೊಣೆ ಹೊತ್ತು ನಿವೃತ್ತನಾದವನು. 1998ರಲ್ಲಿ ಸೇರಿದೆನೆಂದು ಬಹುಕಾಲ ಹೇಳಿಕೊಂಡು ಬಂದಿದ್ದೆ. ನೇಮಕದ ಆದೇಶ ತೆಗೆದು ನೋಡಿದರೆ 1997. ಕೇಂದ್ರ ಈಗ ಮುಚ್ಚಿದೆ. ಅದರ ಹೆಸರನ್ನಾಗಲಿ, ಮುಂದೆ ಬರುವ ಹಳ್ಳಿಯ ಹೆಸರನ್ನಾಗಲಿ ಬರೆಯುವುದಿಲ್ಲ.

ನಮ್ಮ ಕೆಲಸ ಒಂದು ಬಗೆಯ ಕೀಲುಜ್ವರಕ್ಕೆ ಸಂಬಂಧಿಸಿದ್ದು. ಗಂಟಲು ನೋವಾಗಿ ಆರಂಭವಾಗುವ ಈ ಜ್ವರ ಮಕ್ಕಳ ಕೀಲುಗಳನ್ನು ಊದಿಸಿ, ಬಿಟ್ಟುಹೋಗುವಾಗ ಹೃದಯದ ಕವಾಟಗಳನ್ನು ಕೆಡಿಸಿ ಹೋಗುತ್ತದೆ. ಮತ್ತೆ ಮತ್ತೆ ಬಂದರೆ ಕವಾಟ ಮತ್ತಷ್ಟು ಕೆಡುತ್ತದೆ. ತಡೆಯುವ ದಾರಿ ಒಂದೇ: ಮಗು ಬೆಳೆದು ದೊಡ್ಡದಾಗುವ ತನಕ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ನಮ್ಮ ಕ್ಷೇತ್ರ ಕಾರ್ಯಕರ್ತರು ಐಸ್ ಡಬ್ಬಿ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಯಾವ ವಾರ ಯಾರ ಮನೆ ಎಂಬುದನ್ನು ತಿಳಿಸುವ ಪಟ್ಟಿಯನ್ನು ಡೇಟಾಬೇಸ್ ಮುದ್ರಿಸಿ ಕೊಡುತ್ತಿತ್ತು. ಪಟ್ಟಿಯಲ್ಲಿ ಎಷ್ಟು ಹೆಸರೋ ಡಬ್ಬಿಯಲ್ಲಿ ಅಷ್ಟೇ ಔಷಧದ ಸೀಸೆ.

ಮೊದಲು ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದ ಕಾಲ. ಮೂರು ತಾಲ್ಲೂಕುಗಳಲ್ಲೂ ಒಂದೊಂದು ಕಂಪ್ಯೂಟರ್. ತಿಂಗಳ ಕೊನೆಗೆ ಫ್ಲಾಪಿಗಳು ಸರ್ಕಾರಿ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಿದ್ದವು. ಅರಕಲಗೂಡಿನ ಫ್ಲಾಪಿಯನ್ನು ಒಮ್ಮೆ ಚಾಲಕ ಮುಂಗಾಜಿನ ಕೆಳಗೆ ಬಿಸಿಲಿಗಿಟ್ಟು ತಂದಿದ್ದ. ಅದು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನಮ್ಮ ಅರಕಲಗೂಡಿನ ಗುಮಾಸ್ತೆಗೆ ಫೋನು ಮಾಡಿ ಗದರಿದರೆ, "ಏನ್ಮಾಡನ ಸಾ, ಮಡಿಲಲ್ಲಿ ಮಡಿಕ್ಕಂಡ್ ಬಾ ಅಂತ ಅವ್ನಿಗೆ ಯೋಳಕಾಯ್ತದಾ? ಅವ್ನು ಬಸ್ ಓಡಿಸ್ಬೇಕಲ್ಲ" ಎಂದು ಉತ್ತರ ಬಂತು. ಫ್ಲಾಪಿಯ ನಷ್ಟ ದೊಡ್ಡದಲ್ಲ. ಮೂರು ತಾಲ್ಲೂಕುಗಳೂ ರೋಗಿಗಳ ಸಂಖ್ಯೆಯನ್ನು ಒಂದರಿಂದಲೇ ಆರಂಭಿಸಿದ್ದವು, ಅದು ದೊಡ್ಡದು. ಹಾಸನದಲ್ಲಿ ಮೂರನ್ನೂ ಸೇರಿಸಿದಾಗ ಒಂದೇ ಸಂಖ್ಯೆಗೆ ಮೂವರು ಮಕ್ಕಳು. ಸಂಖ್ಯೆ ಕೊಡುವ ಅಧಿಕಾರ ಒಂದೇ ಕಡೆ ಇರಬೇಕೆಂಬ, ಇಂದು ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ ಮಾತನ್ನು ನಾವು ಹಾಗೆ ಕಲಿತೆವು.

ಇದರ ತಿರುವುಮುರುವೂ ಇತ್ತು. ಚನ್ನರಾಯಪಟ್ಟಣದ ಮಗು ಬೇಸಿಗೆ ರಜೆಗೆ ಅರಕಲಗೂಡಿನ ಅಜ್ಜಿಯ ಮನೆಗೆ ಹೋಗುತ್ತದೆ. ಇಂಜೆಕ್ಷನ್ ತಪ್ಪಬಾರದೆಂದು ಅಜ್ಜಿ ಅಲ್ಲಿಯೂ ಹೆಸರು ಬರೆಸುತ್ತಾಳೆ. ತಂದೆಯ ಹೆಸರನ್ನು ತನಗೆ ತೋಚಿದಂತೆ ಹೇಳುತ್ತಾಳೆ. ಡೇಟಾಬೇಸಿನಲ್ಲಿ ಒಂದು ಮಗುವಿಗೆ ಎರಡು ಸಾಲು, ಅಂದರೆ ಎರಡು ದಾಖಲೆ. ಬೇರೆ ಬೇರೆಯಾಗಿ ತೋರುವ ಒಬ್ಬರು, ಒಬ್ಬರಂತೆ ತೋರುವ ಬೇರೆ ಬೇರೆಯವರು: ನನ್ನ ವೃತ್ತಿಜೀವನವೆಲ್ಲ ಈ ಎರಡರ ನಡುವೆ ಕಳೆಯಿತು.

ಹುಟ್ಟಿದ ದಿನಾಂಕವನ್ನಾದರೂ ನಂಬಬಹುದೇ? ಶಾಲೆಯೊಂದರ ದಾಖಲಾತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದನ್ನು ಕಂಡು ಅಲ್ಲಿನ ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ನಕ್ಕುಬಿಟ್ಟರು. "ಅಪ್ಪನ್ನ ಕೇಳುದ್ರೆ ರಾಗಿ ಕುಯ್ಯೋವಾಗ ಅಂತಾನೆ, ಅವ್ವನ್ನ ಕೇಳುದ್ರೆ ಹಬ್ಬ ಆಗಿ ಎಂಟೊಂಬತ್ತು ದಿನಕ್ಕೆ ಅಂತಾಳೆ. ಜೂನ್ ಒಂದು ಬರ್ಕಂಡ್ರೆ ವಯಸ್ಸು ಸರಿಯಾಗಿ ಬತ್ತದೆ, ಸಾಹೇಬ್ರೂ ಕೇಳಕಿಲ್ಲ. ನಿಮ್ದು ಯಾವತ್ತು ಸಾರ್?" ನನ್ನದೂ ಜೂನ್ ಒಂದೇ. 

ಅನಂತರ ಬಂದವಳು ನಾಗವೇಣಿ. ಚನ್ನರಾಯಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ, ನಮ್ಮಲ್ಲಿದ್ದ ಏಕೈಕ ಪ್ರೋಗ್ರಾಮರ್. ಅವಳಿಗೊಂದು ರೀತಿಯಿತ್ತು: ಯಾವ ಸಾಲನ್ನೂ ಅಳಿಸುತ್ತಿರಲಿಲ್ಲ. ಬೇಡವಾದದ್ದಕ್ಕೆ 'ಬೇಡ' ಎಂಬ ಗುರುತು ಹಾಕಿ, ಯಾರು ಹಾಕಿದರು, ಯಾವಾಗ ಹಾಕಿದರು ಎಂಬುದನ್ನು ಪಕ್ಕದಲ್ಲಿ ಬರೆದಿಡುತ್ತಿದ್ದಳು. ಈ ರೀತಿ ಎಲ್ಲ ಪಠ್ಯಗಳಲ್ಲೂ ಇದೆ. ಪಾಲಿಸಿದವರನ್ನು ನಾನು ಕಂಡದ್ದು ಅವಳೊಬ್ಬಳನ್ನೇ.

ಡೇಟಾಬೇಸನ್ನು ಹೊಸ ಸರ್ವರಿಗೆ ಸಾಗಿಸುವ ಗುತ್ತಿಗೆ ಹೊರಗಿನ ಕಂಪನಿಯೊಂದಕ್ಕೆ ಹೋಯಿತು. ಹಣ ಕೊಡುವ ಸಂಸ್ಥೆಯವರು ಮೌಲ್ಯಮಾಪನಕ್ಕೆ ಬರುವವರಿದ್ದರು. ಅಷ್ಟರೊಳಗೆ ಜೋಡಿ ಸಾಲುಗಳನ್ನು ತೆಗೆಯಬೇಕು. ಕಂಪನಿಯವರ ನಿಯಮ ಸರಳ: ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನಾಂಕ ಈ ನಾಲ್ಕೂ ಒಂದಾದರೆ ವ್ಯಕ್ತಿಯೂ ಒಬ್ಬನೇ. ಅದಕ್ಕೆ ನಮ್ಮ ನಿರ್ದೇಶಕರು ಒಂದು ತಿದ್ದುಪಡಿ ಸೂಚಿಸಿದರು. ತಂದೆಯ ಹೆಸರಿನ ಮೊದಲಲ್ಲಿ ಬರುವ ದೊಡ್ಡ, ಚಿಕ್ಕ, ಸಣ್ಣ ಇವುಗಳನ್ನು ಬಿಟ್ಟು ಹೋಲಿಸಬೇಕು.

"ನಾನು ಈ ಸೀಮೆಯೋನು ರೀ" ಎಂದರು ನಿರ್ದೇಶಕರು, ಕಂಪನಿಯ ಹುಡುಗರ ಕಡೆ ತಿರುಗಿ. "ನಮ್ಮಪ್ಪ ಪಹಣೀಲಿ ದೊಡ್ಡತಿಮ್ಮೇಗೌಡ, ರೇಷನ್ ಕಾರ್ಡಲ್ಲಿ ತಿಮ್ಮೇಗೌಡ, ಊರೋರ ಬಾಯಲ್ಲಿ ದೊಡ್ಡಣ್ಣ. ಮೂರು ಜನಾನಾ? ನಿಮ್ಮ ಪ್ರೋಗ್ರಾಮು ಮೂರು ಜನ ಅನ್ನುತ್ತೆ."

ಅವರ ಮಾತು ನಿಜವಾಗಿತ್ತು. ನಿಜವಾಗಿದ್ದುದರಿಂದಲೇ ಸಭೆಯಲ್ಲಿ ಯಾರೂ ಮುಂದೆ ಯೋಚಿಸಲಿಲ್ಲ. ನಾಗವೇಣಿ ಮಾತ್ರ ಮೆಲ್ಲನೆ ಹೇಳಿದಳು: "ಸಾರ್, ಕೂಡಿಸೋಣ. ಆದ್ರೆ ಅಳಿಸೋದು ಬೇಡ. ಗುರುತು ಹಾಕಿಡೋಣ. ನಾಳೆ ತಪ್ಪು ಅಂತ ಗೊತ್ತಾದ್ರೆ ಬಿಡಿಸ್ಕೋಬಹುದು."

"ಕಸ ಗುಡ್ಸಿ ಮೂಲೇಲಿ ಇಟ್ಕೊಳ್ಳೋದಕ್ಕೆ ಗುಡಿಸೋದು ಅಂತಾರೇನಮ್ಮ?" ಎಂದರು ನಿರ್ದೇಶಕರು.

ಎಲ್ಲರೂ ನಕ್ಕರು. ನಡಾವಳಿಯಲ್ಲಿ ಆ ನಗುವೂ ಇಲ್ಲ, ಅವಳ ಮಾತೂ ಇಲ್ಲ. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದಷ್ಟೇ ಇದೆ.

ಅದೇ ಸಭೆಯಲ್ಲಿ ಇನ್ನೊಂದು ಆದೇಶವೂ ಆಯಿತು. ಕ್ಷೇತ್ರ ಕಾರ್ಯಕರ್ತರು ಅಲ್ಲಿಯವರೆಗೆ ಮುದ್ರಿತ ಪಟ್ಟಿಯ ಅಂಚಿನಲ್ಲಿ, ಬಿಟ್ಟುಹೋದ ಹೆಸರುಗಳನ್ನು ಪೆನ್ನಿನಲ್ಲಿ ಸೇರಿಸಿಕೊಂಡು ಹೋಗುತ್ತಿದ್ದರು. ಇನ್ನು ಮೇಲೆ ಪಟ್ಟಿಯ ಮೇಲೆ ಕೈಬರಹ ಕೂಡದು; ಪಟ್ಟಿಯಲ್ಲಿಲ್ಲದವರಿಗೆ ಇಂಜೆಕ್ಷನ್ ಕೂಡದು. ಡೇಟಾಬೇಸಿನ ಶಿಸ್ತಿನ ದೃಷ್ಟಿಯಿಂದ ಇದೂ ಸರಿಯಾದದ್ದೇ.

ಈಗ ಆ ಹಳ್ಳಿಯ ಮಾತು. ಹೊಳೆನರಸೀಪುರ ತಾಲ್ಲೂಕಿನಲ್ಲಿ ಒಂದೇ ಜಗಲಿಯ ಎರಡು ಮನೆಗಳು. ಮನೆದೇವರು ರಂಗನಾಥನಾದ್ದರಿಂದ ಅಣ್ಣ ದೊಡ್ಡರಂಗೇಗೌಡ, ತಮ್ಮ ಚಿಕ್ಕರಂಗೇಗೌಡ. ಇಬ್ಬರಿಗೂ ಒಂದೇ ವರ್ಷ ಹುಟ್ಟಿದ ಒಬ್ಬೊಬ್ಬ ಮಗಳು. ಹರಕೆಯ ಹೆಸರನ್ನು ಬಿಟ್ಟುಕೊಡಲು ಇಬ್ಬರೂ ಒಪ್ಪದೆ ಎರಡು ಮಕ್ಕಳಿಗೂ ರಂಗಲಕ್ಷ್ಮಿ ಎಂದೇ ಇಟ್ಟಿದ್ದರು. ಕರೆಯುವಾಗ ಅಣ್ಣನ ಮಗಳು ದೊಡ್ಡಿ, ತಮ್ಮನ ಮಗಳು ಪುಟ್ಟಿ. ತಾತ ಇಬ್ಬರನ್ನೂ ಒಂದೇ ದಿನ ಶಾಲೆಗೆ ಸೇರಿಸಿದ್ದ. ಮೇಷ್ಟ್ರು ಇಬ್ಬರಿಗೂ ಜೂನ್ ಒಂದನ್ನೇ ಬರೆದಿದ್ದರು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಮಕ್ಕಳಿಗೆ ಗಂಟಲು ನೋವೂ ಒಟ್ಟಿಗೇ ಬಂದಿತ್ತು, ಕೀಲುಜ್ವರವೂ ಒಟ್ಟಿಗೇ ಬಂದಿತ್ತು. ದೊಡ್ಡ, ಚಿಕ್ಕ ಬಿಟ್ಟರೆ ಇಬ್ಬರ ತಂದೆಯೂ ರಂಗೇಗೌಡ; ನಿಯಮದ ನಾಲ್ಕೂ ಒಂದಾದವು. ಮಾರ್ಚ್ 14ರಂದು ಹಳೆಯ ಸಂಖ್ಯೆಯಿದ್ದ ದೊಡ್ಡಿಯ ಸಾಲು, ತಂದೆಯ ಹೆಸರು ಬರಿಯ ರಂಗೇಗೌಡ ಎಂದಾಗಿ, ಉಳಿಯಿತು. ಪುಟ್ಟಿಯ ಇಂಜೆಕ್ಷನ್ನುಗಳೆಲ್ಲ ದೊಡ್ಡಿಯ ಲೆಕ್ಕಕ್ಕೆ ಸೇರಿ, ಪುಟ್ಟಿಯ ಸಾಲು ಅಳಿಯಿತು.

ಮುಂದಿನ ಪಟ್ಟಿ ಹಿಡಿದು ಹೋದ ಕಾರ್ಯಕರ್ತ ಶಿವಲಿಂಗ. ಅವನಿಗೆ ಎರಡು ಮಕ್ಕಳೂ ಗೊತ್ತು. ಪಟ್ಟಿಯಲ್ಲಿ ದೊಡ್ಡಿಯ ಸಂಖ್ಯೆಯ ಎದುರು ಒಂದೇ ಹೆಸರಿತ್ತು, ಡಬ್ಬಿಯಲ್ಲಿ ಒಂದೇ ಸೀಸೆಯಿತ್ತು. ಅವನು ಗಾಬರಿಯಾಗಲಿಲ್ಲ. ಏಕೆಂದರೆ ನಮ್ಮಲ್ಲೊಂದು ರೂಢಿಯಿತ್ತು: ಚಿಕಿತ್ಸೆಯ ಅವಧಿ ಮುಗಿದವರ ಹೆಸರನ್ನು ವೈದ್ಯರು ಪಟ್ಟಿಯಿಂದ ತೆಗೆಯುತ್ತಿದ್ದರು. ಹಳ್ಳಿಗಳಲ್ಲಿ ಅದಕ್ಕೆ 'ಹೆಸರು ಇಳಿಯಿತು' ಎನ್ನುತ್ತಿದ್ದರು. ಹೆಸರು ಇಳಿದ ಮನೆಯಲ್ಲಿ ಕಾರ್ಯಕರ್ತನಿಗೆ ಊಟ, ದೇವರಿಗೆ ಕಾಯಿ. ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಆ ಸೀಮೆಯಲ್ಲೆಲ್ಲ ಶುಭವಾರ್ತೆಯಾಗಿತ್ತು.

ಶಿವಲಿಂಗ ಜಗಲಿಯಲ್ಲಿ ಕುಳಿತು ಕೂಗಿ ಹೇಳಿದನಂತೆ: "ಗೌಡ್ರೇ, ಪುಟ್ಟಿ ಎಸ್ರು ಇಳೀತು ಕಣ್ರೀ! ಇನ್ ಚುಚ್ಚಂಗಿಲ್ಲ!"

ಚಿಕ್ಕರಂಗೇಗೌಡ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಅಂದು ಟ್ರ್ಯಾಕ್ಟರ್ ನಿಲ್ಲಿಸಿ ಮಗಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದ. ಪುಟ್ಟಿ ದೊಡ್ಡಿಯನ್ನು ದಿನವೂ ಅಣಕಿಸುತ್ತಿದ್ದಳಂತೆ: "ನಿಂಗಿನ್ನೂ ಸೂಜಿ, ನಂಗಿಲ್ಲ, ಓಗೇ!" ದೊಡ್ಡಿಯ ತಾಯಿ ಒಳಗೊಳಗೇ ನೊಂದಳು. ತನ್ನ ಮಗಳಿಗೇ ಏಕೆ ವಾಸಿಯಾಗಲಿಲ್ಲವೆಂದು ವೈದ್ಯರನ್ನು ಕೇಳಬೇಕೆಂದಿದ್ದಳಂತೆ. ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ಸಂಕೋಚದಿಂದ ಕೇಳಲಿಲ್ಲ.

ಹೀಗೆ ತಿಂಗಳುಗಳು ಕಳೆದವು. ತಪ್ಪಿದ ಇಂಜೆಕ್ಷನ್ನುಗಳನ್ನು ಎತ್ತಿ ತೋರಿಸಲೆಂದೇ ನಾಗವೇಣಿ ಬರೆದಿದ್ದ ವರದಿಯೊಂದು ವಾರವಾರವೂ ನನ್ನ ಮೇಜಿಗೆ ಬರುತ್ತಿತ್ತು. ಅದರಲ್ಲಿ ಪುಟ್ಟಿ ಇರಲಿಲ್ಲ. ಇಲ್ಲದ ಸಾಲು ಇಂಜೆಕ್ಷನ್ ತಪ್ಪಿಸಿಕೊಳ್ಳುವುದೂ ಇಲ್ಲ. ಡೇಟಾಬೇಸನ್ನು ಪ್ರಶ್ನಿಸಿ ಉತ್ತರ ಪಡೆಯುವ ಕಲೆಯನ್ನು ನಿಮಗೆ ಬಹಳ ಚೆನ್ನಾಗಿ ಕಲಿಸುತ್ತಾರೆ. ಅದರಲ್ಲಿ ಇಲ್ಲದ್ದನ್ನು ಕುರಿತು ಅದನ್ನು ಪ್ರಶ್ನಿಸುವ ಬಗೆಯನ್ನು ಯಾರೂ ಕಲಿಸಿದ್ದು ಕಾಣೆ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಚಿಕ್ಕರಂಗೇಗೌಡ ಮಗಳನ್ನು ಕರೆದುಕೊಂಡು ಕೇಂದ್ರಕ್ಕೆ ಬಂದ. ದಿನಾಂಕವನ್ನು ಎಷ್ಟು ಹುಡುಕಿದರೂ ಖಚಿತಪಡಿಸಿಕೊಳ್ಳಲಾಗಲಿಲ್ಲ. ಆ ದಿನ ನಾನು ಡೈರಿ ಬರೆದಿಲ್ಲ. ಹುಡುಗಿ ಎರಡು ಮೆಟ್ಟಿಲು ಹತ್ತಿ ಕುಳಿತುಬಿಟ್ಟಳು. ಮೊಣಕಾಲು ಊದಿತ್ತು, ಮಾತಿನ ನಡುವೆ ಉಸಿರು ಎಳೆದುಕೊಳ್ಳಬೇಕಾಗಿತ್ತು. ನೋಂದಣಿಯ ಹುಡುಗ ರಜೆಯಲ್ಲಿದ್ದುದರಿಂದ ನಾಗವೇಣಿಯೇ ಕಂಪ್ಯೂಟರಿನ ಮುಂದಿದ್ದಳು. ನಾನು ಪಕ್ಕದಲ್ಲಿದ್ದೆ.

"ಕಾರ್ಡ್ ಕೊಡಪ್ಪಾ."

ಗೌಡ ಮಡಚಿದ ಹಳೆಯ ಕಾರ್ಡನ್ನು ಕೊಟ್ಟ. ನಾಗವೇಣಿ ಸಂಖ್ಯೆ ಒತ್ತಿದಳು. ಇಂಥ ಸಂಖ್ಯೆ ಇಲ್ಲ ಎಂದಿತು ಯಂತ್ರ. ಮತ್ತೊಮ್ಮೆ ಒತ್ತಿದಳು.

"ಇಂಜೆಕ್ಷನ್ ಯಾವಾಗ ತಗೊಂಡೆ ಪುಟ್ಟಾ, ಕಡೇದು?"

"ನಂಗಿಲ್ಲ ಅಕ್ಕಾ" ಎಂದಳು ಹುಡುಗಿ, ಉಸಿರು ಹಿಡಿದು. "ನಂಗೆ ವಾಸಿ ಆಗೈತಲ್ಲ. ಎಸ್ರು ಇಳ್ದೈತೆ."

"ಯಾರು ಹೇಳಿದ್ರು?"

ಗೌಡ ಹೆಮ್ಮೆಯಿಂದಲೇ ಹೇಳಿದ: "ಲಿಸ್ಟೇ ಯೋಳ್ತಲ್ಲಮ್ಮಾ. ಯುಗಾದಿ ಅಷ್ಟೊತ್ಗೇ ಇಳೀತು. ಇದೇನೋ ಬರೀ ಸೀತ ಇರ್ಬೇಕು, ಒಂದ್ ಮಾತ್ರೆ ಕೊಟ್ಬುಡಿ, ಬಸ್ಸೈತೆ."

ನಾಗವೇಣಿ ನನ್ನ ಕಡೆ ನೋಡಲಿಲ್ಲ. ಹೆಸರು ಒತ್ತಿದಳು. ಒಂದೇ ರಂಗಲಕ್ಷ್ಮಿ ಬಂದಳು. ಮಾರ್ಚ್‌ಗೆ ಮೊದಲು ಪ್ರತಿ ಸರದಿಯಲ್ಲೂ ಎರಡೆರಡು ಇಂಜೆಕ್ಷನ್ ತೆಗೆದುಕೊಂಡವಳು. ನಾಗವೇಣಿ ಎದ್ದು ವೈದ್ಯರನ್ನು ಕರೆತರಲು ಹೋದಳು.

ವೈದ್ಯರು ಅಂದೇ ಹುಡುಗಿಯನ್ನು ಮೈಸೂರಿಗೆ ಕಳುಹಿಸಿದರು. ಕವಾಟ ಎರಡನೆಯ ಪೆಟ್ಟನ್ನು ತಡೆಯಲಾರದೆ ಹೋಗಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿಟ್ಟುಕೊಂಡು, ಆಪರೇಷನ್ನಿಗೆ ಬೇಕಾದಷ್ಟು ತ್ರಾಣ ಬರಲಿ ಎಂದು ಕಾದರು. ಬರಲಿಲ್ಲ. ಅಕ್ಟೋಬರಿನಲ್ಲಿ ಮನೆಗೆ ತಂದರು.

ಅವಳು ಮೈಸೂರಿನಲ್ಲಿದ್ದಾಗಲೇ ನಾವು ಸಾಲನ್ನು ಬಿಡಿಸಲು ಹೊರಟೆವು. ಈ ಭಾಗವನ್ನು ಪ್ರೋಗ್ರಾಮರುಗಳು ನಿಧಾನವಾಗಿ ಓದಬೇಕು. ಕೂಡಿಸಿದ ಎರಡು ಸಾಲುಗಳಲ್ಲಿ ಯಾವ ಇಂಜೆಕ್ಷನ್ ಯಾರದೆಂದು ಹೇಳುವ ಗುರುತು ಉಳಿದಿರಲಿಲ್ಲ. ದಿನವೂ ಆಗುತ್ತಿದ್ದ ಬ್ಯಾಕಪ್ಪು ವಾರ ಕಳೆದ ಮೇಲೆ ತನ್ನನ್ನೇ ತಾನು ಅಳಿಸಿ ಬರೆಯುತ್ತಿತ್ತು. ಕೂಡಿಕೆಗೆ ಮೊದಲು ಕಂಪನಿಯವರು ತೆಗೆದಿಟ್ಟ ಸಿ.ಡಿ.ಯೊಂದು ಬೀರುವಿನಲ್ಲಿ ಭದ್ರವಾಗಿತ್ತು. ತೆರೆದರೆ ಕೋಷ್ಟಕಗಳ ಚೌಕಟ್ಟೆಲ್ಲ ಅಚ್ಚುಕಟ್ಟಾಗಿತ್ತು. ಒಳಗೆ ಒಂದು ಸಾಲೂ ಇರಲಿಲ್ಲ. ಬ್ಯಾಕಪ್ ಆಗಿದೆ ಎಂಬ ಪತ್ರಕ್ಕೆ ಎಲ್ಲರ ಸಹಿಯಿತ್ತು. ತೆರೆದು ನೋಡಿದವರು ಯಾರೂ ಇರಲಿಲ್ಲ.

ಹಾಗಾದರೆ ಪುಟ್ಟಿಯನ್ನು ಹೊಸಬಳೆಂದು ಸೇರಿಸೋಣವೆಂದರೆ, 'ಈ ವ್ಯಕ್ತಿ ಈಗಾಗಲೇ ದಾಖಲಾಗಿದ್ದಾರೆ' ಎಂದು ಡೇಟಾಬೇಸ್ ತಿರಸ್ಕರಿಸಿತು. ಕೂಡಿಸಿದ ನಿಯಮವನ್ನೇ ಬಾಗಿಲ ಕಾವಲಿಗೂ ಇಟ್ಟಿದ್ದರು. ತೆಗೆಯುವ ಅಧಿಕಾರ ಕಂಪನಿಯದು. ಕಂಪನಿಗೆ ನಿರ್ದೇಶಕರ ಪತ್ರ ಬೇಕು.

ನಿರ್ದೇಶಕರು ಕೆಟ್ಟವರಲ್ಲ. ಹುಡುಗಿಯ ಆಸ್ಪತ್ರೆಯ ಖರ್ಚನ್ನು ತಮ್ಮ ಕೈಯಿಂದ ಕೊಟ್ಟರು. ಪತ್ರ ಮಾತ್ರ ಕೊಡಲಿಲ್ಲ. "ಮೌಲ್ಯಮಾಪನ ಮುಗೀಲಿ. ಈಗ ನಿಯಮ ತೆಗೆದ್ರೆ ಇಡೀ ಕೂಡಿಕೆಯೇ ತಪ್ಪು ಅಂದ ಹಾಗಾಗುತ್ತೆ" ಎಂದರು.

"ತಪ್ಪೇ ಅಲ್ವಾ ಸಾರ್? ಇಂಥವು ಇನ್ನೆಷ್ಟಿವೆಯೋ" ಎಂದಳು ನಾಗವೇಣಿ.

"ಎಷ್ಟಿವೆ? ತೋರ್ಸಮ್ಮ."

ಅವಳು ತೋರಿಸಲಾರದೆ ಹೋದಳು. ತೋರಿಸಲು ಬೇಕಾದ ಸಾಲುಗಳೇ ಅಳಿದಿದ್ದವು. ಅಂದಿನಿಂದ ಇಂದಿನವರೆಗೆ ಆ ಪ್ರಶ್ನೆಗೆ ಉತ್ತರ ನನ್ನಲ್ಲಿಲ್ಲ. ಕಾರ್ಯಕರ್ತರನ್ನು ಕಳುಹಿಸಿ ವಿಚಾರಿಸಿದೆವು. ಹೆಸರು ಇಳಿದ ಮನೆಗಳಲ್ಲಿ, ಅವರ ಮಗುವಿಗೆ ವಾಸಿಯಾಗಿಲ್ಲದಿರಬಹುದೆಂದು ಹೇಳಿದರೆ ಕೆಲವರು ನಂಬಿದರು, ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬ ತಾಯಿ ಶಿವಲಿಂಗನಿಗೆ, "ಉಂಡ್ ಓಗಿದ್ಯಲ್ಲೋ ನನ್ನ ಮನೇಲಿ, ಈಗ ಇಂಗಂತೀಯಾ?" ಎಂದಳಂತೆ.

ಪುಟ್ಟಿ ತೀರಿಕೊಂಡದ್ದು 2011ರ ಅಕ್ಟೋಬರ್ 12, ಬುಧವಾರ, ಬೆಳಿಗ್ಗೆ. ನಾಗವೇಣಿ, ಶಿವಲಿಂಗ, ನಾನು ಮೂವರೂ ಹೋದೆವು. ಜಗಲಿಯ ಮೇಲೆ ಚಿಕ್ಕರಂಗೇಗೌಡ ಗೋಡೆಗೆ ಒರಗಿ ಕುಳಿತಿದ್ದ. ಬೈಯುವನೆಂದು ನಾವು ನಿರೀಕ್ಷಿಸಿದ್ದೆವು, ಬೈಯಲಿ ಎಂದು ಬಯಸಿದ್ದೆವು.

"ಅಲ್ಲಾ ಸಾ" ಎಂದು ಅವನು ಕೇಳಿದ, "ವಾಸಿ ಆಗಿದ್ದು ಮತ್ತೆ ಬತ್ತದಾ?"

ಶಿವಲಿಂಗ ಮುಖ ಮುಚ್ಚಿಕೊಂಡು ಅಂಗಳದಿಂದ ಆಚೆ ಹೋದ. ಅವನ ಸರದಿಯ ಡಬ್ಬಿ ಅಂದು ಹೆಗಲ ಮೇಲಿರಲಿಲ್ಲ. ದೊಡ್ಡಿಗೆ ಅದೇ ದಿನ ಇಂಜೆಕ್ಷನ್ ಕೊಡಬೇಕಾಗಿತ್ತೆಂದು ನಮಗೆ ನೆನಪಾದದ್ದು ಹಿಂತಿರುಗುವಾಗ, ಬಸ್ಸಿನಲ್ಲಿ. ಮರುವಾರ ಅವನೇ ಹೋಗಿ ಕೊಟ್ಟು ಬಂದ.

ಮಾರನೆಯ ದಿನ ನಾಗವೇಣಿ ಸಾವನ್ನು ದಾಖಲಿಸಲು ಕುಳಿತಳು. ರಂಗಲಕ್ಷ್ಮಿ, ತಂದೆ ರಂಗೇಗೌಡ, ಮೃತ. ಒತ್ತಿದ ಕೂಡಲೇ ಮುಂದಿನ ಪಟ್ಟಿಯಿಂದ ದೊಡ್ಡಿಯ ಹೆಸರು ಮಾಯವಾಯಿತು. ಸತ್ತವರಿಗೆ ಇಂಜೆಕ್ಷನ್ ಇಲ್ಲವಲ್ಲ. ಅವಳು ತಕ್ಷಣ ಅದನ್ನು ಹಿಂದಕ್ಕೆ ತೆಗೆದಳು. ಬದುಕಿರುವವಳು ಪಟ್ಟಿಯಲ್ಲಿ ಉಳಿಯಬೇಕಾದರೆ ಸತ್ತವಳು ಸಾಯಬಾರದು. ನಮ್ಮ ಡೇಟಾಬೇಸಿನಲ್ಲಿ ಆ ವರ್ಷ ಆ ಊರಿನಲ್ಲಿ ಯಾರೂ ಸಾಯಲಿಲ್ಲ. ಮೌಲ್ಯಮಾಪನ ಸುಸೂತ್ರವಾಗಿ ಮುಗಿಯಿತು. ನಿಯಮ ತೆಗೆಯುವ ಪತ್ರ ಆಮೇಲೂ ಬರಲಿಲ್ಲ.

ನಾಗವೇಣಿ ಆ ವರ್ಷವೇ ಕೆಲಸ ಬಿಟ್ಟಳು. ಈಗ ಚನ್ನರಾಯಪಟ್ಟಣದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಇದನ್ನು ಬರೆಯುವ ಮೊದಲು ಫೋನು ಮಾಡಿದ್ದೆ. "ಬರೀಬೇಡಿ ಅನ್ನಲ್ಲ ಸಾರ್. ಓದಿದೋರು ಏನು ಮಾಡ್ತಾರೆ ಹೇಳಿ? ಅಳಿಸ್ಬೇಡಿ ಅಂತ ನಾನೂ ಎಲ್ಲೋ ಓದಿಯೇ ಹೇಳಿದ್ದು" ಎಂದಳು.

ಕೇಂದ್ರ ಮುಚ್ಚಿದಾಗ ಅದರ ಡೇಟಾಬೇಸನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸಲಾಯಿತು. ಅಲ್ಲಿ ವಿದ್ಯಾರ್ಥಿಗಳು ಇಂದಿಗೂ ಅದನ್ನು ಬಳಸಿ ಪ್ರಬಂಧ ಬರೆಯುತ್ತಾರೆ. ಈ ಬರಹದ ದಿನಾಂಕಗಳನ್ನು ತಾಳೆ ನೋಡಲು ಕಳೆದ ತಿಂಗಳು ಅಲ್ಲಿಗೆ ಹೋಗಿ ಆ ಸಾಲನ್ನು ತೆಗೆಸಿ ನೋಡಿದೆ. ಅದರಲ್ಲಿರುವುದನ್ನು ಇದ್ದಂತೆಯೇ ಬರೆಯುತ್ತೇನೆ. ರಂಗಲಕ್ಷ್ಮಿ, ತಂದೆ ರಂಗೇಗೌಡ. 12 ಅಕ್ಟೋಬರ್ 2011. ಮನೆಗೆ ಭೇಟಿ ಕೊಡಲಾಗಿದೆ. ಇಂಜೆಕ್ಷನ್ ಕೊಡಲಾಗಿದೆ. ಉಸಿರಾಟ ಸರಾಗ. ಸ್ಥಿತಿ ಉತ್ತಮ.

ಯಾರು ನಮೂದಿಸಿದರೆಂದು ತಿಳಿಯದು. ಅಂದು ಆ ಮನೆಯಲ್ಲಿ ಯಾರೂ ಇಂಜೆಕ್ಷನ್ ಕೊಡಲಿಲ್ಲ. ಅದೇ ದಿನಾಂಕದ ಕೆಳಗೆ ನನ್ನ ಡೈರಿಯಲ್ಲಿರುವುದು ಒಂದೇ ವಾಕ್ಯ: 'ಮಧ್ಯಾಹ್ನ ಪುಟ್ಟಿಯ ಮಣ್ಣು ಮುಗಿಸಿ ಬಂದೆವು.' ಎರಡು ದಾಖಲೆಗಳೂ ಒಂದಕ್ಕೊಂದು ವಿರುದ್ಧವಾಗಿವೆ. ವಿದ್ಯಾರ್ಥಿಗಳ ಕೈಗೆ ಸಿಗುವುದು ಮೊದಲನೆಯದು.